ತಾಯಿಯ ಆಕ್ಷೇಪಣೆ

ಬೆಳಗಿನಿಂದ ಅವನು ಒಂದೇ ಕೆಳದವಡೆಯ ಹಲ್ಲುಸೆಟ್ಟನ್ನು ಉಜ್ಜುತ್ತ ಕೂತಿದ್ದ. ಎಲ್ಲಿ ಒತ್ತುತ್ತದೆ ಎಂದು ಮುದುಕಿ ಬೆರಳಿಟ್ಟು ತೋರಿಸಿ ಹೋಗಿದ್ದಳೋ ಆ ಜಾಗ ಅವನ ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಅಚ್ಚಿನ ಮೇಲೆ ಕೂರಿಸಿದರೆ ಕೂದಲೆಳೆಯಷ್ಟೂ ಅಲುಗದೆ ಕೂರುತ್ತಿತ್ತು. ಅಚ್ಚು ಪ್ಲಾಸ್ಟರಿನದು, ಅದಕ್ಕೆ ವಸಡಿಲ್ಲ, ನೋವಿಲ್ಲ, ಏನು ಕೊಟ್ಟರೂ ಹೂಂ ಎನ್ನುತ್ತದೆ. ಉಜ್ಜುವ ಯಂತ್ರ ನಿಲ್ಲಿಸಿದಾಗಲೆಲ್ಲ ಅವನಿಗೆ ತನ್ನ ಕತ್ತಿನ ಅರಿವಾಗುತ್ತಿತ್ತು. ನಿನ್ನೆ ಆ ಕತ್ತು ಅಲುಗಿತ್ತು. ಹೆಚ್ಚೇನಿಲ್ಲ, ಮೇಲಿಂದ ಕೆಳಕ್ಕೆ ಒಂದು ಸಲ, ಬಸ್ಸಿನಲ್ಲಿ ಯಾರಾದರೂ ಜಾಗ ಇದೆಯಾ ಎಂದರೆ ಆಡಿಸುವಷ್ಟು. ಹೌದು ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಸುಳ್ಳಾಗುತ್ತಿತ್ತು, ತಲೆ ಆಡಿಸಿದ್ದು ಹೇಗೆ ಸುಳ್ಳಾದೀತು ಎಂದು ಅವನು ಬೆಳಗಿನಿಂದ ತನ್ನ ಜೊತೆ ತಾನೇ ಚೌಕಾಸಿ ನಡೆಸಿದ್ದ. ಮಾರುವವನೂ ಕೊಳ್ಳುವವನೂ ಒಬ್ಬನೇ ಆದ್ದರಿಂದ ವ್ಯಾಪಾರ ಕುದುರಿರಲಿಲ್ಲ.

ನಿನ್ನೆ ಅವನನ್ನು ಕರೆಸಿದ್ದು ಜೈಲಿನ ಬಿಡುಗಡೆ ಮಂಡಳಿಯ ಕಚೇರಿಗೆ, ಮಗನನ್ನು ಕೊಂದ ಹುಡುಗನನ್ನು ಅವಧಿಗೆ ಮುಂಚೆ ಬಿಡಬಹುದೇ ಎಂದು ಕೇಳುವುದಕ್ಕೆ. ಹುಡುಗ ಎಂದರೆ ಈಗ ಹುಡುಗನಲ್ಲ, ನೆತ್ತಿ ತೆಳ್ಳಗಾಗುತ್ತ ಬಂದ ಗಂಡಸು. ಆದರೆ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ ವಯಸ್ಸಿನಲ್ಲೇ ಇವನ ಮನಸ್ಸಿನಲ್ಲಿ ಆ ಹುಡುಗ ನಿಂತುಬಿಟ್ಟಿದ್ದ, ಮಗನೂ ಹಾಗೆಯೇ. ಪರದೆ ಒಡೆದ ಒಂದು ಫೋನು, ನಾಳೆ ಬಾ ಎಂದದ್ದಕ್ಕೆ ಎದ್ದ ಮಾತು, ಶಟರ್ ಎಳೆಯುವ ಕೊಕ್ಕೆ ಸಲಾಕೆ. ಪೇಪರಿನಲ್ಲಿ ಬಂದದ್ದೂ ಅಷ್ಟೇ, ತೀರ್ಪಿನಲ್ಲಿದ್ದದ್ದೂ ಅಷ್ಟೇ, ಅವನಿಗೆ ಗೊತ್ತಿದ್ದದ್ದೂ ಅಷ್ಟೇ. ಕಚೇರಿಯ ಅಧಿಕಾರಿಣಿಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತ, ಕ್ಷಮೆ ಕೇಳುವವರಂತೆ ನಕ್ಕು, "ನಿಮ್ಮ ವಿಷಯದಲ್ಲಿ ಇದು ಬರೀ ಶಾಸ್ತ್ರ ಸರ್. ನೀವು ಅವನನ್ನ ಕ್ಷಮಿಸಿದ ಸಾಕ್ಷಿ ನಾನೂ ಒಂದ್ಸಲ ಕೇಳಿದ್ದೀನಿ, ನಮ್ಮ ಅಕ್ಕನ ಚರ್ಚಲ್ಲಿ" ಎಂದರು. ಅವನು ತಲೆ ತಗ್ಗಿಸಿದ. ಹೊಗಳಿಕೆ ಬಂದಾಗ ತಲೆಯನ್ನು ಎಷ್ಟು ತಗ್ಗಿಸಬೇಕೆಂಬುದು ಅವನಿಗೆ ಇಷ್ಟು ವರ್ಷಗಳಲ್ಲಿ ಅಭ್ಯಾಸವಾಗಿತ್ತು. ಅಭ್ಯಂತರವಿಲ್ಲ ಎಂದು ಹೇಳುವುದಕ್ಕೆ ಅವನು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಆಕೆ, ಒಳ್ಳೆಯ ಸುದ್ದಿಯೊಂದನ್ನು ಕೊಸರಿಗೆ ಕೊಡುವಂತೆ, "ತಾಯಿ ಮನೇಲೇ ಇರ್ತೀನಿ ಅಂದಿದ್ದಾನೆ. ನಿಮ್ಮ ಚರ್ಚಿನ ಹಿಂದಿನ ಬೀದಿ. ಭಾನುವಾರ ನಿಮ್ಮ ಪಕ್ಕ ಆರಾಧನೆಗೆ ಕೂರೋ ಆಸೆಯಂತೆ" ಎಂದರು.

ಆ ಬೀದಿಯ ತಿರುವಿನಲ್ಲಿ ಒಂದು ಟೀ ಅಂಗಡಿಯಿದೆ. ಅವನು ದಿನವೂ ಅದರ ಮುಂದೆಯೇ ಹಾದುಹೋಗುತ್ತಾನೆ. ಅಲ್ಲಿ ಹುಡುಗ ಗೋಡೆಗೆ ಒರಗಿ ಲೋಟ ಹಿಡಿದು ಯಾರದೋ ಮಾತಿಗೆ ನಗುತ್ತಿರುವುದು ಕಣ್ಣಿಗೆ ಕಟ್ಟಿತು. ನಕ್ಕಾಗ ಕಂಡ ಮುಂದಿನ ಹಲ್ಲು ಇವನೇ ಕಟ್ಟಿಕೊಟ್ಟದ್ದು. ಜೈಲಿನೊಳಗೆ ಯಾವುದೋ ಜಗಳದಲ್ಲಿ ಹಲ್ಲು ಮುರಿದುಕೊಂಡಿದ್ದ ಹುಡುಗನಿಗೆ, ಅನುಮತಿ ತಗೊಂಡು, ಬಣ್ಣ ಹೊಂದಿಸಿ, ಇವನೇ ಹಲ್ಲು ಮಾಡಿದ್ದ. ಪಕ್ಕದ ಹಲ್ಲುಗಳ ನಡುವೆ ಯಾವುದು ಹುಟ್ಟಿದ್ದು ಯಾವುದು ಕಟ್ಟಿದ್ದು ಎಂದು ತಿಳಿಯದಷ್ಟು ಚೆನ್ನಾಗಿ. ಸಾಕ್ಷಿ ಹೇಳುವಾಗ ಆ ಹಲ್ಲಿನ ವಿಷಯ ಕೊನೆಯಲ್ಲಿ ಬರುತ್ತಿತ್ತು. ತಿಂಗಳಿಗೊಮ್ಮೆ ಇವನು ನೋಡಲು ಹೋದಾಗ ಜಾಲರಿಯ ಆಚೆ ಹುಡುಗ ಯಾವತ್ತೂ ತಲೆ ಬಗ್ಗಿಸಿಯೇ ಕೂತಿರುತ್ತಿದ್ದ, ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿದ್ದ, ಹೊತ್ತಾಯಿತು ಎಂದು ಕಾವಲಿನವನು ಕೂಗಿದರೆ ಎದ್ದು ಹೋಗುತ್ತಿದ್ದ. ಅಂಥವನನ್ನು ಪ್ರೀತಿಸುವುದು ಸುಲಭವಾಗಿತ್ತು. ಎಷ್ಟು ಸುಲಭವಾಗಿತ್ತೆಂದು ಅವನಿಗೆ ಆ ಕುರ್ಚಿಯ ಮೇಲೆ ಕೂತಾಗ ಹೊಳೆಯಿತು. ಪಂಜರದ ಈಚೆ ನಿಂತು ಹುಲಿ ಎಷ್ಟು ಚೆಂದ ಎನ್ನುವಷ್ಟು ಸುಲಭ. ಈಗ ಆ ಹುಡುಗ ನಗಬಹುದು. ಮದುವೆಯಾಗಬಹುದು. ತರಕಾರಿ ಕೊಳ್ಳುವಾಗ ಎದುರಾಗಿ, ಅಂಕಲ್ ಚೆನ್ನಾಗಿದೀರಾ ಎನ್ನಬಹುದು.

"ನನ್ನದೇನೂ ಇಲ್ಲ ಮೇಡಂ" ಎಂದ. ದನಿ ಸರಿಯಾಗಿಯೇ ಇತ್ತು. "ನನ್ನ ಹೆಂಡತಿ... ಅವಳು ತಡ್ಕೊಳ್ಳಲ್ಲ."

ಅಧಿಕಾರಿಣಿ ಪೆನ್ನು ನಿಲ್ಲಿಸಿದರು. "ಅಂದ್ರೆ ತಾಯಿಯ ಆಕ್ಷೇಪಣೆ ಇದೆ ಅಂತ ಬರ್ಕೊಳ್ಳಲಾ?"

ಆಗ ಕತ್ತು ಅಲುಗಿದ್ದು. "ಅರ್ಥ ಆಗುತ್ತೆ ಸರ್, ಹೆತ್ತ ಕರುಳು" ಎಂದು ಆಕೆ ಮೆಲ್ಲಗೆ ಹೇಳಿದ್ದು, ಎದ್ದು ಬಾಗಿಲವರೆಗೆ ಬಂದು ಕಳಿಸಿಕೊಟ್ಟದ್ದು. ಮೆಟ್ಟಿಲಿಳಿಯುವಾಗ ಅವನಿಗೆ ಹಗುರವೆನಿಸಿತ್ತು. ಈಗ ನೆನೆದರೆ ಅದೇ ಎಲ್ಲಕ್ಕಿಂತ ಹೇಸಿಗೆ. ಮನೆಗೆ ಹೋಗುವ ದಾರಿಯಲ್ಲಿ ನಿಂತು ಬಾಳೆಹಣ್ಣು ಕೊಂಡಿದ್ದ, ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಇಲ್ಲದ್ದನ್ನು ಆರಿಸಿ.

ಇವತ್ತು ಮಧ್ಯಾಹ್ನದ ಹೊತ್ತಿಗೆ ಚರ್ಚಿನ ಸಭಾಪಾಲಕರ ಫೋನು ಬಂತು. "ಹೇಗಾಯ್ತು ಬ್ರದರ್?"

"ಕೇಳಿದ್ರು ಪಾಸ್ಟರ್. ಹೇಳ್ದೆ."

"ದೇವರಿಗೆ ಸ್ತೋತ್ರ. ಇನ್ನೇನು ಬಂದಂಗೇ ಆಯ್ತು ಹುಡುಗ."

"ಮಂಡಳಿಯವರು ಏನು ಮಾಡ್ತಾರೋ" ಎಂದ. ಎಷ್ಟು ಸಲೀಸಾಗಿ ಬಂತು ಮಾತು. ಒಂದು ಸುಳ್ಳಿಗೆ ಕೋಣೆ ಬಾಡಿಗೆಗೆ ಕೊಟ್ಟರೆ ಅದು ಸಂಸಾರ ಸಮೇತ ಬಂದು ಇಳಿಯುತ್ತದೆ.

ಸಭಾಪಾಲಕರು ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು. ಬುಧವಾರ ಸಂಜೆ ಚರ್ಚಿನ ಪಕ್ಕದ ಕೋಣೆಯಲ್ಲಿ ಅವರು ನಡೆಸುವ ಅಧ್ಯಯನಕ್ಕೆ ಕೆಲವರು ಬರುತ್ತಾರೆ. ಸೆರೆಮನೆಗಳೇ ಇರಬಾರದು ಎಂಬುದು ಅವರ ವಾದ. ಸೆರೆಯಲ್ಲಿದ್ದಾಗ ನನ್ನನ್ನು ನೋಡಲು ಬಂದಿರಿ ಎಂದ ಸ್ವಾಮಿಯ ಮಾತನ್ನು ನಾವು ನೋಡಿ ಬರುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ, ಬಿಡುಗಡೆ ಸಾರಲು ಬಂದವನ ಹೆಸರು ಹೇಳಿಕೊಂಡು ಬೀಗದ ಕಾರ್ಖಾನೆಗೆ ಕಾವಲು ನಿಂತಿದ್ದೇವೆ ಎನ್ನುತ್ತಿದ್ದರು. ಬೈಬಲಿನಲ್ಲಿ ತಮ್ಮನನ್ನೇ ಕೊಂದ ಮೊದಲ ಕೊಲೆಗಾರನನ್ನೂ ದೇವರು ಕೂಡಿಹಾಕಲಿಲ್ಲ, ಯಾರೂ ಅವನನ್ನು ಮುಟ್ಟದ ಹಾಗೆ ಗುರುತು ಹಾಕಿ ಕಳಿಸಿದ, ಅವನು ಹೋಗಿ ಊರು ಕಟ್ಟಿದ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಎಲ್ಲರೂ ಬ್ಯಾಂಕ್ ತಾತ ಎನ್ನುವವರು, ಒಮ್ಮೆ ಕನ್ನಡಕ ಸರಿಮಾಡಿಕೊಂಡು, "ಅದೆಲ್ಲ ಸರಿ ಪಾಸ್ಟರ್, ಮತ್ತೆ ಕಾಣಿಕೆ ಪೆಟ್ಟಿಗೆಗೆ ಬೀಗ ಯಾಕಿದೆ?" ಎಂದಿದ್ದರು. ಕೋಣೆಯಲ್ಲಿ ಎಲ್ಲರೂ ನಕ್ಕಿದ್ದರು, ಸಭಾಪಾಲಕರೂ. ಆಮೇಲೆ ಅವರು ನಗು ಒರೆಸಿಕೊಂಡು, "ತಪ್ಪಿಗೆ ಬೆಲೆ ಬೇಡ ಅಂತ ನಾನು ಹೇಳ್ತಿಲ್ಲ ತಾತ. ಬಾಗಿಲು ಹಾಕಿಬಿಟ್ರೆ ಮುಖ ನೋಡೋ ಕೆಲಸ ತಪ್ಪುತ್ತೆ. ನಮಗೆ ಜೈಲು ಬೇಕಾಗಿರೋದು ಅದಕ್ಕೇ" ಎಂದಿದ್ದರು. ಮತ್ತೆ ಅವನ ಕಡೆ ಕೈ ತೋರಿಸಿ, "ಆದ್ರೆ ಆಗುತ್ತಾ ಅಂತ ಕೇಳೋರಿಗೆ ನಮ್ಮ ಮಧ್ಯೇನೇ ಉತ್ತರ ಕೂತಿದೆ." ಅವನು ಉತ್ತರದಂತೆ ಕೂತಿದ್ದ. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ.

ಯಂತ್ರ ಮತ್ತೆ ಹಚ್ಚಿದ. ಸೆಟ್ಟಿನ ಗುಲಾಬಿ ಬಣ್ಣದ ಪುಡಿ ಬೆರಳ ಸಂದುಗಳಲ್ಲಿ ತುಂಬಿಕೊಂಡಿತು. ಮಗನನ್ನು ಮಣ್ಣು ಮಾಡಿದ ಮುಂದಿನ ಭಾನುವಾರ ಅವನು ತಾನಾಗಿಯೇ ಎದ್ದು ಹೋಗಿ ಪ್ರಸಂಗಪೀಠದ ಪಕ್ಕ ನಿಂತು, ಆ ಹುಡುಗನನ್ನು ನಾನು ಕ್ಷಮಿಸಿದ್ದೇನೆ ಎಂದಿದ್ದ. ಅದು ಆಗ ನಿಜವಾಗಿತ್ತು, ಅದರ ಮೇಲೆ ಅವನಿಗೆ ಈಗಲೂ ಅನುಮಾನವಿಲ್ಲ; ಬಿಸಿ ನೀರು ಮೈಮೇಲೆ ಬಿದ್ದವನು ಕೂಗುವುದು ಎಷ್ಟು ನಿಜವೋ ಅಷ್ಟು ನಿಜ. ಆಮೇಲೆ ಬೇರೆ ಸಭೆಯವರು ಕರೆದರು, ಹೋದ. ಮತ್ತೊಬ್ಬರು ಕರೆದರು, ಹೋದ. ಹೇಳುತ್ತ ಹೇಳುತ್ತ ಮಾತು ನುಣುಪಾಯಿತು. ಯಾವ ವಾಕ್ಯಕ್ಕೆ ಹೆಂಗಸರ ಕರ್ಚೀಫು ಹೊರಬರುತ್ತದೆ ಎಂಬುದು ತಿಳಿಯಿತು, ಆ ವಾಕ್ಯದ ಮುಂಚೆ ನೀರು ಕುಡಿಯಲು ನಿಲ್ಲುವುದನ್ನು ಕಲಿತ. ಒಂದು ಸಲ ಇದೇ ಕೋಣೆಯಲ್ಲಿ ಯಂತ್ರ ನಿಲ್ಲಿಸಿ, ಆ ನಿಲುಗಡೆ ಎಷ್ಟು ಹೊತ್ತಿದ್ದರೆ ಚೆನ್ನ ಎಂದು ಗೋಡೆಗೆ ಹೇಳಿ ನೋಡಿದ್ದ. ಬಾಗಿಲಲ್ಲಿ ಹಲ್ಲಿನ ಡಾಕ್ಟರಮ್ಮ ನಿಂತಿದ್ದರು, ಮೇಲ್ದವಡೆಯ ಅಳತೆ ತಂದು. ಅವರು ಅಳತೆ ಇಟ್ಟು ಹೋದರು. ನೆನೆದಾಗಲೆಲ್ಲ ಕಿವಿಯ ಹಿಂದೆ ಬಿಸಿಯಾಗುತ್ತದೆ.

ಮೊದಲ ಭಾನುವಾರ ಅವನು ಪೀಠದ ಪಕ್ಕದಿಂದ ಇಳಿದು ಬಂದಾಗ ಬೆಂಚಿನಲ್ಲಿ ಹೆಂಡತಿ ಇರಲಿಲ್ಲ. ನಡೆದುಕೊಂಡೇ ಮನೆಗೆ ಹೋಗಿದ್ದಳು. ಆ ದಿನ ಅವಳು ಕೇಳಿದ್ದು ಒಂದೇ ಮಾತು: "ನನ್ನನ್ನ ಕೇಳಿದ್ರಾ?" ಅದಾದ ಮೇಲೆ ಕ್ಷಮೆಯ ಮಾತಾಗಲಿ ಕೋಪದ ಮಾತಾಗಲಿ ಅವಳ ಬಾಯಿಂದ ಬಂದದ್ದಿಲ್ಲ, ಚರ್ಚಿನ ಮೆಟ್ಟಿಲನ್ನು ಅವಳು ತುಳಿದದ್ದೂ ಇಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಜದ ಕೋಲಿಟ್ಟು ಅಳೆದು, ಅಂಚಿನಲ್ಲಿ ಸಣ್ಣಗೆ ಕತ್ತರಿಸಿ, ಪರ್ರನೆ ಹರಿದುಕೊಡುವುದು. ಸಭೆಯಲ್ಲಿ ಅವಳಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಕಲ್ಲಾದ ಸಹೋದರಿಯ ಹೃದಯ ಕರಗಲಿ ಎಂದು ಯಾರೋ ಕಣ್ಣು ಮುಚ್ಚಿ ಹೇಳಿದರೆ ಅವನು ಎಲ್ಲರಿಗಿಂತ ಸ್ವಲ್ಪ ತಡವಾಗಿ, ಎಲ್ಲರಿಗಿಂತ ಸ್ವಲ್ಪ ಮೆಲ್ಲಗೆ ಆಮೆನ್ ಎನ್ನುತ್ತಿದ್ದ. ಅದರಿಂದ ಅವನ ಆಮೆನ್ ಕೇಳಿಸುತ್ತಿತ್ತು. ನಿನ್ನೆ ಆ ಕುರ್ಚಿಯಲ್ಲಿ ಕೂತಾಗ, ಅವಳು ಎಂಬ ಮಾತು ನಾಲಿಗೆಗೆ ಅಷ್ಟು ಬೇಗ ಬಂದದ್ದು ಯಾಕೆಂದರೆ ಆ ದಾರಿ ಮೊದಲೇ ಸವೆದಿತ್ತು. ಊರೆಲ್ಲ ಅವಳನ್ನು ಕಲ್ಲು ಎಂದು ನಂಬಿರುವಾಗ ಇನ್ನೊಂದು ಕಲ್ಲು ಅವಳ ತಲೆಯ ಮೇಲೆ ಇಟ್ಟರೆ ಯಾರಿಗೆ ತಿಳಿದೀತು.

ಸಂಜೆ ಅವನು ಮನೆಗೆ ಬಂದಾಗ ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮುಖ ತೊಳೆಯುತ್ತಿದ್ದಾಗ ಬಾಗಿಲು ಬಡಿದ ಸದ್ದು, ಅವಳು ಹೋಗಿ ತೆರೆದ ಸದ್ದು ಕೇಳಿತು. ಟವೆಲು ಹಿಡಿದು ನಡುಮನೆಗೆ ಬಂದ. ಹೊಸ್ತಿಲ ಆಚೆ ಹುಡುಗನ ತಾಯಿ ನಿಂತಿದ್ದಳು. ಅವನಿಗೆ ಅವಳ ಪರಿಚಯ ಇತ್ತು. ಜೈಲಿನ ಹೊರಗೆ ಸಾಲಿನಲ್ಲಿ ಅವಳು ಎದ್ದು ಅವನಿಗೆ ಜಾಗ ಬಿಡುತ್ತಿದ್ದಳು, ಅವನು ಬೇಡಮ್ಮ ಎನ್ನುತ್ತ ಕೂರುತ್ತಿದ್ದ. ಹೆಂಡತಿ ಅವಳನ್ನು ನೋಡಿದ್ದು ನ್ಯಾಯಾಲಯದಲ್ಲಿ ಮಾತ್ರ, ಅದೂ ಬೆನ್ನ ಕಡೆಯಿಂದ.

"ಬೈಯೋಕೆ ಬಂದಿಲ್ಲಕ್ಕಾ" ಎನ್ನುತ್ತಿದ್ದಳು ತಾಯಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ. "ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ. ಕೇಳ್ಕೊಳ್ಳೋಣ ಅಂತ ಬಂದೆ, ಅಷ್ಟೇ. ನನಗೂ ವಯಸ್ಸಾಯ್ತು."

"ಏನು ಹೇಳಿದೆ ನಾನು?" ಹೆಂಡತಿಯ ದನಿ ಅಂಗಡಿಯಲ್ಲಿ ಎಷ್ಟು ಮೀಟರ್ ಎಂದು ಕೇಳುವ ದನಿಯಂತಿತ್ತು.

"ಇವತ್ತು ಆಫೀಸಿಗೆ ಹೋಗಿದ್ದೆ. ಅವರ ತಾಯಿ ಒಪ್ಪಿಲ್ಲಮ್ಮ ಅಂದ್ರು. ಆಕ್ಷೇಪಣೆ ಇದೆಯಂತಲ್ಲಾ ನಿಮ್ದು."

ಹೆಂಡತಿ ತಿರುಗಿ ನೋಡಿದಳು. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಟವೆಲು ಕೈಯಲ್ಲೇ ಇತ್ತು, ಒರೆಸಿಕೊಳ್ಳುವುದು ಹೇಗೆಂಬುದು ಮರೆತುಹೋಗಿತ್ತು. ಅವಳು ಹೇಳುತ್ತಾಳೆ, ಈಗ ಹೇಳುತ್ತಾಳೆ, ಹೇಳಿಬಿಡಲಿ ಎಂದು ಕಾದ. ಅವಳು ನೋಡಿದ್ದು ಸಿಟ್ಟಿನಿಂದ ಅಲ್ಲ. ಗಿರಾಕಿ ಹಿಂದಕ್ಕೆ ತಂದ ಬಟ್ಟೆಯಲ್ಲಿ ಹರಿದದ್ದು ಎಲ್ಲಿ ಎಂದು ಬೆಳಕಿಗೆ ಹಿಡಿದು ನೋಡುವವರಂತೆ. ಆಮೇಲೆ ತಾಯಿಯ ಕಡೆ ತಿರುಗಿ, "ಒಳಗೆ ಬನ್ನಿ. ಬಾಗಿಲಲ್ಲಿ ನಿಂತು ಆಡೋ ಮಾತಲ್ಲ ಇದು" ಎಂದಳು.

ಟೀ ಮಾಡಿದಳು. ಮೂವರೂ ಕೂತರು. ತಾಯಿ ಕುರ್ಚಿಯ ಅಂಚಿನಲ್ಲಿ, ಜಾರಿ ಬೀಳುವಷ್ಟು ಅಂಚಿನಲ್ಲಿ ಕೂತು, ಅವನ ಕಡೆ ಕೈಮುಗಿದಳು. "ಅಣ್ಣಾ, ನೀವು ದೇವರಂಥೋರು. ನೀವು ಮಾಡೋದೆಲ್ಲ ಮಾಡಿದ್ರಿ. ನನ್ನ ಮಗ ಯಾವಾಗ್ಲೂ ನಿಮ್ಮ ಹೆಸರೇ ಹೇಳ್ತಾನೆ." ಅವನು ಏನೋ ಹೇಳಬೇಕಿತ್ತು. ಬೇಡಮ್ಮ ಎಂದಿದ್ದರೂ ಆಗುತ್ತಿತ್ತು. ಬಾಯಿಯಲ್ಲಿ ಟೀ ಇತ್ತು, ಅದನ್ನು ನುಂಗುವುದಕ್ಕೆ ಒಂದು ಜನ್ಮ ಹಿಡಿಯಿತು, ನುಂಗಿದ ಮೇಲೆ ಅವನು ಹೇಳಿದ್ದು, "ಸಕ್ಕರೆ ಸಾಕಾ?" ಹೆಂಡತಿ ಲೋಟ ಕೆಳಗಿಟ್ಟಳು. ತಾಯಿ, ಸಾಕು ಅಣ್ಣಾ, ಸರಿಯಾಗಿದೆ ಎಂದಳು. ಹೊರಡುವಾಗ ಹೆಂಡತಿ ಬೀದಿಯವರೆಗೆ ಹೋಗಿ ಬಂದಳು. ಅವರು ಅಲ್ಲಿ ಏನು ಮಾತಾಡಿಕೊಂಡರೋ ಅವನಿಗೆ ಕೇಳಿಸಲಿಲ್ಲ, ಕಿಟಕಿಯ ಹತ್ತಿರ ಹೋಗುವ ಧೈರ್ಯವೂ ಇರಲಿಲ್ಲ.

ಅವಳು ಬಂದು ಲೋಟಗಳನ್ನು ತೊಳೆಯಲು ಹಾಕಿದಳು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಿನಗೋಸ್ಕರಾನೇ ನಾನು..." ಎಂದು ಶುರುಮಾಡಿದ. ಅದು ಎಷ್ಟು ಕೆಟ್ಟದಾಗಿ ಕೇಳಿಸಿತೆಂದರೆ ಅವನೇ ನಿಲ್ಲಿಸಿದ.

"ನನ್ನ ಹೆಸರಲ್ಲಿ ಎರಡು ಸಲ ಮಾತಾಡಿದ್ರಿ" ಎಂದಳು, ನಲ್ಲಿ ನಿಲ್ಲಿಸದೆ. "ಒಂದ್ಸಲ ಕ್ಷಮಿಸಿದ್ರಿ. ಒಂದ್ಸಲ ಕೂಡಿಹಾಕಿದ್ರಿ. ಎರಡರಲ್ಲೂ ನಾನಿರಲಿಲ್ಲ."

"ಯಾಕೆ ಹೇಳಲಿಲ್ಲ ಮತ್ತೆ? ಅವರ ಮುಂದೆ?"

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಅವಳು ದೇವರಂಥೋರು ಅಂತ ನಂಬಿರೋದು ನಿಮ್ಮೊಬ್ಬರನ್ನೇ. ಅದನ್ನೂ ಯಾಕೆ ಕಿತ್ಕೊಳ್ಳೋದು, ಕೈಯಲ್ಲಿ ಬೇರೆ ಏನೂ ಇಲ್ಲದೋಳ ಹತ್ರ." ಆಮೇಲೆ ಕೈ ಒರೆಸಿಕೊಂಡು, "ಆ ಆಫೀಸು ಎಷ್ಟೊತ್ತಿಗೆ ತೆಗೀತಾರೆ?" ಎಂದಳು.

ಮರುದಿನ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅಂಗಡಿಗೆ ಅರ್ಧ ದಿನದ ರಜೆ ಹೇಳಿದ್ದಳು. ಹೋದ ಸಲ ಅವರಿಬ್ಬರೂ ಹೀಗೆ ಒಟ್ಟಿಗೆ ಬಸ್ಸಿನಲ್ಲಿ ಕೂತದ್ದು ತೀರ್ಪಿನ ದಿನ. ಕಚೇರಿಯಲ್ಲಿ ಅಧಿಕಾರಿಣಿಯ ನೆಗಡಿ ಇನ್ನೂ ಹೋಗಿರಲಿಲ್ಲ. ಅವನನ್ನು ಕಂಡು ಎದ್ದರು, ಹೆಂಡತಿಯನ್ನು ಕಂಡು ಕೂತರು.

"ನಾನು ಆ ತಾಯಿ" ಎಂದಳು ಹೆಂಡತಿ. "ಆಕ್ಷೇಪಣೆ ಅಂತ ಬರ್ಕೊಂಡಿದೀರಂತೆ. ಅದನ್ನ ತೆಗೀರಿ."

"ಅಂದ್ರೆ ಮೇಡಂ, ನೀವೂ ಅವನನ್ನ ಕ್ಷಮಿಸಿದ್ದೀರಾ?" ಆಕೆಯ ಕಣ್ಣಲ್ಲಿ ಒಂದು ತರಹದ ತೇವವಿತ್ತು, ನೆಗಡಿಯದೋ ಬೇರೆಯದೋ.

"ಇಲ್ಲ."

"ಮತ್ತೆ?"

"ಕ್ಷಮಿಸಿಲ್ಲ. ಹಾಗಂತ ಬೀಗ ಹಾಕಿ ಅಂತ ನಾನು ಯಾವತ್ತೂ ಕೇಳಲಿಲ್ಲ. ಅವನು ಒಳಗಿದ್ದದ್ದಕ್ಕೆ ನನಗೇನು ಸಿಕ್ತು? ಮಗ ಬರಲಿಲ್ಲ. ನಿದ್ದೆ ಬರಲಿಲ್ಲ. ಬಂದಿದ್ದು ಇವರ ಸಭೆಯೋರು, ಅವನನ್ನ ನೋಡ್ಕೊಂಡು ಬಂದ್ವಿ ಅಂತ ಹೇಳೋಕೆ. ನನ್ನ ಹೆಸರು ಹೇಳಿ ಯಾರನ್ನೂ ಕೂಡಿಡಬೇಡಿ." ಅವಳು ಒಂದು ಕ್ಷಣ ನಿಂತಳು. ಅದು ನೀರು ಕುಡಿಯಲು ನಿಂತ ನಿಲುಗಡೆಯಲ್ಲ. ಮಾತು ಸಿಗದೆ ತಡಕಾಡುತ್ತಿದ್ದಳು. "ಒಂದು ಇದೆ. ಅವನು ಬಂದು ನನಗೆ ಹೇಳಬೇಕು. ಏನಾಯ್ತು ಅಂತ. ನನ್ನ ಮಗ ಬಿದ್ದಾಗ ಏನಂದ, ಯಾವ ಕಡೆ ಮುಖ ಇತ್ತು. ಕೋರ್ಟಲ್ಲಿ ಎಲ್ಲಾ ವಕೀಲರೇ ಮಾತಾಡಿದ್ರು, ಅವನು ತಲೆ ತಗ್ಗಿಸಿ ನಿಂತಿದ್ದ. ಅದನ್ನ ಗೊತ್ತಿರೋನು ಲೋಕದಲ್ಲಿ ಅವನೊಬ್ಬನೇ. ಅವನನ್ನ ಒಳಗಿಟ್ಕೊಂಡು ನೀವು ಅದನ್ನೂ ಒಳಗಿಟ್ಕೊಂಡಿದೀರಿ."

"ಅದು ನಿಯಮದಲ್ಲಿ ಇಲ್ಲ ಮೇಡಂ."

"ನಿಯಮ ಅಂತ ಕೇಳ್ತಿಲ್ಲ. ಅವನಿಗೆ ಹೇಳಿ ಅಷ್ಟೇ. ಬರದಿದ್ರೂ ಬಿಡಿ."

ಅವನು ಮೇಜಿನ ಮೇಲಿನ ಕಾಗದದ ಭಾರವನ್ನು ನೋಡುತ್ತಿದ್ದ, ಗಾಜಿನದು, ಒಳಗೆ ಗುಳ್ಳೆಗಳಿದ್ದವು. ವರ್ಷಗಟ್ಟಲೆ ಪ್ರತಿ ತಿಂಗಳೂ ಅವನು ಜಾಲರಿಯ ಈಚೆ ಕೂತಿದ್ದ. ಊಟ ಸರಿಯಾಗಿ ಕೊಡ್ತಾರಾ ಎಂದು ಕೇಳಿದ್ದ, ವಾಕ್ಯ ಓದ್ತೀಯಾ ಎಂದು ಕೇಳಿದ್ದ, ಹಲ್ಲು ಒತ್ತುತ್ತಾ ಎಂದು ಕೇಳಿದ್ದ. ಇದನ್ನು ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ. ಇಲ್ಲ, ಅನ್ನಿಸಿತ್ತು; ಅನ್ನಿಸಿದಾಗಲೆಲ್ಲ ಪ್ರಾರ್ಥನೆ ಮಾಡೋಣ ಎಂದಿದ್ದ.

"ಹಾಗಾದ್ರೆ ಮೊನ್ನೆಯ ಆಕ್ಷೇಪಣೆ..." ಎಂದು ಅಧಿಕಾರಿಣಿ ಇಬ್ಬರ ಮುಖವನ್ನೂ ನೋಡಿದರು.

"ಅದು ನನ್ನದು" ಎಂದ. "ಇವಳು ಏನೂ ಹೇಳಿರಲಿಲ್ಲ. ಇವಳನ್ನ ನಾನು ಕೇಳೂ ಇರಲಿಲ್ಲ."

ಭೂಮಿ ಬಾಯಿ ಬಿಡಲಿಲ್ಲ. ಆಕೆ ಮೂಗು ಒರೆಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು, "ಸರಿ. ನಿಮ್ಮದು ಅಂತಾದ್ರೆ, ಈಗಲೂ ಇದೆಯಾ ಸರ್?" ಎಂದರು. ಅಷ್ಟೇ. ಅವನು ಇದಕ್ಕೆ ಸಿದ್ಧನಾಗಿರಲಿಲ್ಲ. ತಪ್ಪೊಪ್ಪಿಗೆಯ ಆಚೆಗೂ ಒಂದು ಪ್ರಶ್ನೆ ಇರುತ್ತದೆ ಎಂದು ಅವನು ಎಣಿಸಿರಲಿಲ್ಲ. ಇಲ್ಲ ಎಂದರೆ ಸುಳ್ಳು. ಇದೆ ಎಂದರೆ ಇಷ್ಟು ವರ್ಷದ್ದೆಲ್ಲ ಸುಳ್ಳು. ಹೆಂಡತಿ ಅವನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದಳು. ಅದು ಅವಳು ಮಾಡಿದ ಉಪಕಾರ.

"ಭಯ ಇದೆ" ಎಂದ.

"ಭಯಕ್ಕೆ ಇಲ್ಲಿ ಜಾಗ ಇಲ್ಲ ಸರ್. ಇದೆ, ಇಲ್ಲ, ಎರಡೇ."

"ಹಾಗಾದ್ರೆ ಇಲ್ಲ ಅಂತ ಬರ್ಕೊಳ್ಳಿ." ಮತ್ತೆ, ಬಾಗಿಲ ಹತ್ತಿರ ಹೋದವನು ತಿರುಗಿ ಬಂದು, "ಭಯ ಇದೆ ಅಂತ ನಿಮಗೆ ಗೊತ್ತಿರಲಿ" ಎಂದ. ಆಕೆ ತಲೆಯಾಡಿಸಿದರು, ಬಸ್ಸಿನಲ್ಲಿ ಜಾಗವಿದೆ ಎನ್ನುವಷ್ಟು.

ಭಾನುವಾರ ಆರಾಧನೆಗೆ ಮುಂಚೆ ಅವನು ಸಭಾಪಾಲಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ, ತಲೆ ಆಡಿಸಿದ್ದು, ಫೋನಿನಲ್ಲಿ ಆಡಿದ ಮಾತು, ಸಕ್ಕರೆ ಸಾಕಾ ಎಂದದ್ದು. ಅವರು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ಅವನ ಭುಜ ಹಿಡಿದು, "ಇದನ್ನೂ ಸಾಕ್ಷಿಯಲ್ಲಿ ಹೇಳಿ ಬ್ರದರ್. ಎಷ್ಟೋ ಜನಕ್ಕೆ ಸಮಾಧಾನ ಆಗುತ್ತೆ" ಎಂದರು. ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದ್ದು. ಅವನಿಗೆ ಕಣ್ಣ ಮುಂದೆ ಸಭೆ ಕಂಡಿತು, ಕರ್ಚೀಫುಗಳು ಕಂಡವು, ಸಕ್ಕರೆಯ ಮಾತಿಗೆ ಮುಂಚೆ ಎಲ್ಲಿ ನಿಲ್ಲಬೇಕು ಎಂಬುದು ಕೂಡ ತನ್ನಷ್ಟಕ್ಕೆ ತಾನೇ ಗೊತ್ತಾಯಿತು.

"ಬೇಡ ಪಾಸ್ಟರ್" ಎಂದ. "ಇದು ಚೆನ್ನಾಗಿ ಬಂದುಬಿಡುತ್ತೆ."

ಹುಡುಗನನ್ನು ಬಿಟ್ಟ ಸುದ್ದಿ ಬಂದದ್ದು ಬೇಸಿಗೆಯ ಬಿಸಿಲು ಏರುವ ಕಾಲಕ್ಕೆ. ಅವನು ಟೀ ಅಂಗಡಿಯ ತಿರುವನ್ನು ಬಿಟ್ಟು ಸುತ್ತುಬಳಸಿ ಓಡಾಡತೊಡಗಿದ. ಹಾಗೆ ಓಡಾಡುತ್ತಿರುವುದನ್ನು ಒಂದು ದಿನ ಗಮನಿಸಿ ನಾಚಿಕೊಂಡು, ಮರುದಿನ ಬೇಕೆಂದೇ ಅದರ ಮುಂದೆ ಹಾದುಹೋದ. ಯಾರೂ ಇರಲಿಲ್ಲ. ಹುಡುಗ ಬಂದದ್ದು ಒಂದು ರಜೆಯ ಮಧ್ಯಾಹ್ನ, ತಾಯಿಯ ಜೊತೆ. ತಾಯಿ ಒಳಗೆ ಬರಲಿಲ್ಲ, ನಾನು ಇಲ್ಲೇ ಇರ್ತೀನಿ ಎಂದು ಹೊರಗಿನ ಕಟ್ಟೆಯ ಮೇಲೆ ಕೂತಳು. ಹುಡುಗ ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತುಕೋ ಎಂದರೂ ಕೂರದೆ ನಿಂತ. ಜಾಲರಿ ಇಲ್ಲದೆ ನೋಡಿದರೆ ಅವನು ಎತ್ತರದ ಮನುಷ್ಯ. ಕುತ್ತಿಗೆಯಲ್ಲಿ ಬೆವರು. ರೂಢಿಯಂತೆ ಅವನು ಇವನ ಕಡೆ ತಿರುಗಿ ಕೈಮುಗಿದು ಕಣ್ಣು ಮುಚ್ಚಿದ, "ನಾನು ಪಾಪಿ, ನನ್ನ..." ಎಂದು ಶುರುಮಾಡಿದ.

"ಅದು ಬೇಡ" ಎಂದಳು ಹೆಂಡತಿ. "ಕಣ್ಣು ಬಿಡು. ಏನಾಯ್ತು, ಅದನ್ನ ಹೇಳು."

ಹುಡುಗ ಕಣ್ಣು ಬಿಟ್ಟು ಇವನನ್ನೇ ನೋಡಿದ, ಅಪ್ಪಣೆ ಕೇಳುವವನಂತೆ. "ಅಂಕಲ್ ಯಾವತ್ತೂ ಕೇಳಲಿಲ್ಲ" ಎಂದ. ದೂರುವ ದನಿಯಲ್ಲ. "ಬಂದಾಗೆಲ್ಲ ಇವತ್ತು ಕೇಳ್ತಾರೆ, ಇವತ್ತು ಕೇಳ್ತಾರೆ ಅಂತ ಕಾಯ್ತಿದ್ದೆ. ಹೇಳ್ಬೇಕು ಅಂತ ಎಲ್ಲಾ ಜೋಡಿಸಿ ಇಟ್ಕೊಂಡಿರ್ತಿದ್ದೆ. ಅಷ್ಟರಲ್ಲಿ ಪ್ರಾರ್ಥನೆ ಶುರುವಾಗ್ತಿತ್ತು."

"ನೀವೂ ಕೂತ್ಕೊಳ್ಳಿ" ಎಂದಳು ಹೆಂಡತಿ ಅವನಿಗೆ. ಅವನು ಕೂತ. ಹುಡುಗನೂ ಕೂತ, ಎದುರಿಗೆ, ಮೊಣಕಾಲು ಮೊಣಕಾಲಿಗೆ ತಾಗುವಷ್ಟು ಹತ್ತಿರ; ಮನೆ ಚಿಕ್ಕದು.

ಶಟರ್ ಅರ್ಧ ಇಳಿಸಿದ್ದೆ ಎಂದು ಹುಡುಗ ಶುರುಮಾಡಿದ. ಓನರ್ ಬೈದು ಹೋಗಿದ್ದ, ತಲೆ ಕೆಟ್ಟಿತ್ತು. ನಿಮ್ಮ ಮಗ ಬಂದು ಫೋನ್ ಕೊಡು ಅಂದ, ಆಗಿಲ್ಲ ಅಂದೆ, ಅವನು ಒಂದು ಮಾತಂದ, ನಾನು ಎರಡಂದೆ. ಸಲಾಕೆ ಕೈಯಲ್ಲೇ ಇತ್ತು. ಬೀಸಿದ್ದು ನಾನೇ. ಹೆದರಿಸೋಕೆ ಅಂತ ಕೋರ್ಟಲ್ಲಿ ಹೇಳಿಸಿದ್ರು, ಹೆದರಿಸೋಕಲ್ಲ, ಹೊಡೆಯೋಕೇ ಬೀಸಿದೆ. ಕಿವಿಯ ಮೇಲ್ಗಡೆ ತಾಗ್ತು. ಅವನು ಬೀಳಲಿಲ್ಲ. ಎಲ್ಲಾರೂ ಬಿದ್ದ ಬಿದ್ದ ಅಂತಾರೆ, ಅವನು ಬೀಳಲಿಲ್ಲ. ತಲೆ ಮುಟ್ಟಿ ನೋಡ್ಕೊಂಡ. ರಕ್ತಾನೂ ಹೆಚ್ಚಿರಲಿಲ್ಲ. ನಾನು ಸಲಾಕೆ ಬಿಸಾಕಿ, ಲೇ ಏನಾಯ್ತೋ ಅಂತ ಹತ್ರ ಹೋದೆ. ನೀರು ಕೇಳಿದ. ಬಾಟ್ಲಿ ಕೊಟ್ಟೆ, ಕುಡಿದ. ಕುಡಿದು ನಕ್ಕ. "ನನಗೇನೂ ಆಗಿಲ್ಲ, ನೀನು ಅಂಗಡಿ ಮುಚ್ಚು ಹೋಗು" ಅಂದ.

ಹೆಂಡತಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಒಂದು ಸದ್ದು ಬಂತು, ನಗುವಿನ ಕಡೆಗೂ ಅಳುವಿನ ಕಡೆಗೂ ಹೋಗಬಹುದಾದ ಸದ್ದು. ಅವನ ಮಾತೇ ಅದು, ಮಗನ ಮಾತೇ. ಸೈಕಲ್ಲಿನಿಂದ ಬಿದ್ದು ಬಂದಾಗಲೂ ಜ್ವರ ಬಂದಾಗಲೂ ಅದನ್ನೇ ಹೇಳುತ್ತಿದ್ದ.

"ನಾನು ಮುಚ್ಚಿದೆ ಆಂಟಿ" ಎಂದ ಹುಡುಗ. "ಅವನು ಹೇಳಿದ ಅಂತ ಅಂಗಡಿ ಮುಚ್ಚೋಕೆ ಹೋದೆ. ಬೀಗ ಹಾಕಿ ತಿರುಗಿ ನೋಡ್ದೆ. ಅವನು ಗೋಡೆಗೆ ಒರಗಿ ಕೂತಿದ್ದ." ಅಲ್ಲಿಗೆ ಅವನ ಮಾತು ನಿಂತಿತು. ಮುಂದಿನದನ್ನು ಹೇಳಲು ಅವನಿಗೆ ಯಾರಾದರೂ ಕೇಳಬೇಕಿತ್ತು. ಹೆಂಡತಿ ಕೇಳಲಿಲ್ಲ. ಅಂಗೈ ಬಾಯಿಯ ಮೇಲೇ ಇತ್ತು, ತಲೆ ಅಡ್ಡಡ್ಡ ಅಲುಗುತ್ತಿತ್ತು. ಇಷ್ಟು ವರ್ಷ ಕಾದು ಇಲ್ಲಿಯವರೆಗೆ ನಡೆದು ಬಂದವಳ ಕಾಲು ಅಲ್ಲೇ ಸೋತಿತ್ತು. ಹೊರಗಿನ ಕಟ್ಟೆಯ ಮೇಲೆ ತಾಯಿ ಕೆಮ್ಮಿದಳು. ಇವನಿಗೆ ತನ್ನ ರೆಪ್ಪೆಗಳು ತಾವಾಗಿ ಭಾರವಾಗುತ್ತಿರುವುದು ತಿಳಿಯಿತು, ಹಳೆಯ ಪ್ರಾರ್ಥನೆಯ ಮೊದಲ ಪದ ನಾಲಿಗೆಯ ತುದಿಗೆ ಬಂದು ಕೂತದ್ದೂ ತಿಳಿಯಿತು. ಅದನ್ನು ಅಲ್ಲಿಯೇ ಬಿಟ್ಟು, ಕಣ್ಣು ತೆರೆದುಕೊಂಡೇ, ಮಗನನ್ನು ಕೊನೆಯದಾಗಿ ನೋಡಿದ ಆ ಕಣ್ಣುಗಳನ್ನು ನೋಡುತ್ತ,

"ಆಮೇಲೆ?" ಎಂದ.